ಕೋಲಾರದ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿದ 15-0-15 ಟ್ರಾನ್ಸ್‌ಫಾರ್ಮರ್

ಮನೆಯಲ್ಲೇ ಕಟ್ಟುತ್ತಿರುವ ಸಿಂಥಸೈಜರ್ (ಎಲೆಕ್ಟ್ರಾನಿಕ್ ವಾದ್ಯ) ಮಾಡ್ಯೂಲಿಗೆ ಪ್ಲಸ್ 12 ಮತ್ತು ಮೈನಸ್ 12 ವೋಲ್ಟ್ ಎರಡನ್ನೂ ಕೊಡುವ ಪವರ್ ಸಪ್ಲೈ ಬೇಕಾಗಿತ್ತು. ಅದರ ಟ್ರಾನ್ಸ್‌ಫಾರ್ಮರನ್ನು ನಾನು ಸುತ್ತಿಸಿದ್ದು ಕೋಲಾರದ ಕ್ಲಾಕ್ ಟವರ್‌ನಿಂದ ನಡೆದೇ ಹೋಗಬಹುದಾದ ಒಂದು ಸಣ್ಣ ಅಂಗಡಿಯಲ್ಲಿ. ಬೋರ್‌ವೆಲ್ ಮೋಟಾರುಗಳ ರಿವೈಂಡಿಂಗ್ ಮತ್ತು ಸ್ಟೆಬಿಲೈಜರ್ ರಿಪೇರಿ ಅಲ್ಲಿನ ಮುಖ್ಯ ಕಸುಬು. ಮೂರು ತಿಂಗಳಿಂದ ಆ ಟ್ರಾನ್ಸ್‌ಫಾರ್ಮರನ್ನು ದಿನವೂ ಬಳಸುತ್ತಿದ್ದೇನೆ.

ಇದಕ್ಕೆ ಮೊದಲು ರೆಡಿಮೇಡ್ 12-0-12 ಟ್ರಾನ್ಸ್‌ಫಾರ್ಮರ್ (ನಡುವಿನ ತಂತಿಯಿಂದ ಎರಡೂ ಬದಿಗೆ 12 ವೋಲ್ಟ್ ಕೊಡುವಂಥದು) ಹಾಕಿದ್ದೆ. ಬೆಳಿಗ್ಗೆ ಸರಿಯಾಗಿ ನುಡಿಯುತ್ತಿದ್ದ, ಸ್ವರ ಹುಟ್ಟಿಸುವ ಆಸಿಲೇಟರ್ ಮಧ್ಯಾಹ್ನದ ಹೊತ್ತಿಗೆ ಗುಂಯ್‌ಗುಡತೊಡಗುತ್ತಿತ್ತು. ನಮ್ಮದು ಊರಾಚೆಯ ಮನೆ. ಸುತ್ತಲಿನ ತೋಟಗಳ ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ಕರೆಂಟ್ ಬಿಟ್ಟರೆ 230 ಇರಬೇಕಾದ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. ಕಾರಣ ಅದೇ ಇರಬಹುದೆಂಬ ಅನುಮಾನವಿದ್ದರೂ ನಾನು ಲೆಕ್ಕ ಹಾಕಿರಲಿಲ್ಲ. ಅಂಗಡಿಗೆ ಹೋದವನು ಇನ್ನೂ ದಪ್ಪ ತಂತಿಯ 12-0-12 ಬೇಕೆಂದೇ ಕೇಳಿದೆ. ಅಂಗಡಿಯವರು ಕೇಳಿದ ಮೊದಲ ಮಾತು, "ನಿಮ್ಮ ಮನೇಲಿ ವೋಲ್ಟೇಜ್ ಎಷ್ಟಕ್ಕೆ ಬೀಳುತ್ತೆ ಸಾರ್, ಅದನ್ನ ಹೇಳಿ" ಎಂಬುದು. ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಪ್ರಶ್ನೆ.

ಅಲ್ಲೇ ಕೂತು ಲೆಕ್ಕ ಹಾಕಿದೆವು. 190 ವೋಲ್ಟಿನಲ್ಲಿ 12ರ ಸುತ್ತು ಕೊಡುವುದು 9.9 ವೋಲ್ಟ್, ಆ ಎಸಿ ಅಲೆಯ ಗರಿಷ್ಠ ಮಟ್ಟ 14, ಎಸಿಯನ್ನು ಡಿಸಿ ಮಾಡುವ ಡಯೋಡಿನಲ್ಲಿ 0.7 ಕಳೆದರೆ ಉಳಿಯುವುದು 13.3. ಆದರೆ ಪ್ಲಸ್ 12 ವೋಲ್ಟನ್ನು ಸ್ಥಿರವಾಗಿ ಕೊಡುವ 7812 ರೆಗ್ಯುಲೇಟರ್ ನೆಟ್ಟಗೆ ಕೆಲಸ ಮಾಡಲು ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಸುಮಾರು 2 ವೋಲ್ಟ್ ಹೆಚ್ಚಿರಬೇಕು. ಅಷ್ಟು ಸಿಗದಿದ್ದಾಗ 100 ಹರ್ಟ್ಸ್‌ನ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ರೆಗ್ಯುಲೇಟರನ್ನು ದಾಟಿ ಆಸಿಲೇಟರಿಗೇ ಬಂದು ಸೇರುತ್ತದೆ. ಒಂದು ಆಕ್ಟೇವಿಗೆ (ಸ್ಥಾಯಿಗೆ) 1 ವೋಲ್ಟ್ ಎಂಬ ಕ್ರಮದಲ್ಲಿ ಸ್ವರವನ್ನು ನಿಯಂತ್ರಿಸುವ ಸಿಂಥಸೈಜರಿನಲ್ಲಿ 1 ಮಿಲಿವೋಲ್ಟ್ ಎಂದರೆ 1.2 ಸೆಂಟ್ (ಆಕ್ಟೇವಿನ 1200ರಲ್ಲಿ ಒಂದು ಪಾಲು ಒಂದು ಸೆಂಟ್), ಸಪ್ಲೈನ ಅಲುಗಾಟದಲ್ಲಿ ಅಲ್ಪ ಪಾಲು ನಿಯಂತ್ರಣದ ಲೈನಿಗೆ ಹರಿದರೂ ಶ್ರುತಿ ನಿಲ್ಲುವುದಿಲ್ಲ. 15-0-15 ಹಾಕಿದರೆ ಅದೇ 190ರಲ್ಲಿ 16.8 ವೋಲ್ಟ್ ಸಿಗುತ್ತದೆ. ಅರ್ಧ ಆಂಪಿಯರ್ ಎಳೆಯುವಾಗ 4700 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೇಲೆ ಕಾಣುವ 1 ವೋಲ್ಟಿನಷ್ಟು ರಿಪಲ್ ಕಳೆದರೂ ರೆಗ್ಯುಲೇಟರಿಗೆ ಬೇಕಾದಷ್ಟು ಉಳಿಯುತ್ತದೆ.

ಸುತ್ತುವ ಕೆಲಸವನ್ನು ಎದುರಿಗೇ ನಿಂತು ನೋಡಿದೆ. ಸೆಕೆಂಡರಿಗೆ (ಕಡಿಮೆ ವೋಲ್ಟೇಜ್ ಹೊರಕೊಡುವ ಸುತ್ತಿಗೆ) 22 ಗೇಜಿನ ಎರಡು ತಂತಿಗಳನ್ನು ಜೊತೆಯಾಗಿ ಹಿಡಿದು, ಕೈಯಂತ್ರದ ಎಣಿಕೆಯ ಮುಳ್ಳನ್ನು ನೋಡುತ್ತಾ, ಪ್ರತಿ ಪದರದ ನಡುವೆ ಕಾಗದ ಇಟ್ಟು ಸುತ್ತಿದರು. ಬಳಿಕ ಒಂದು ತಂತಿಯ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸಿ ಸೆಂಟರ್ ಟ್ಯಾಪ್ (ನಡುವಿನ ತಂತಿ) ತೆಗೆದರು. ಹೀಗೆ ಸುತ್ತಿದರೆ ಎರಡೂ ಕಡೆಯ ಸುತ್ತುಗಳ ಎಣಿಕೆ ಒಂದೇ ಆಗುತ್ತದೆ. ಸ್ಟ್ಯಾಂಪಿಂಗ್‌ಗಳನ್ನು (ಒಳಗಿನ ಕಬ್ಬಿಣದ ತಗಡುಗಳನ್ನು) ಮರದ ಸುತ್ತಿಗೆಯಿಂದ ತಟ್ಟಿ ಬಿಗಿ ಮಾಡಿದ ಮೇಲೆ ವಾರ್ನಿಷಿನಲ್ಲಿ ಅದ್ದಿದರು. ಮನೆಯಲ್ಲಿ ಅಳೆದಾಗ ಎರಡು ಬದಿಗಳ ನಡುವೆ ಇದ್ದ ವ್ಯತ್ಯಾಸ 0.05 ವೋಲ್ಟ್ ಮಾತ್ರ. ಕಿವಿ ಹತ್ತಿರ ಇಟ್ಟರೂ ಟ್ರಾನ್ಸ್‌ಫಾರ್ಮರಿನ ಗುಂಗು ಕೇಳುವುದಿಲ್ಲ.

ವೋಲ್ಟೇಜ್ ಹೆಚ್ಚಿಸಿದ್ದಕ್ಕೆ ತೆರಬೇಕಾದದ್ದು ಶಾಖ. ರಾತ್ರಿ ಲೈನು 250ಕ್ಕೆ ಏರಿದಾಗ ಅದೇ ಅರ್ಧ ಆಂಪಿಯರಿಗೆ ಪ್ರತಿ ರೆಗ್ಯುಲೇಟರಿನಲ್ಲೂ ಸುಮಾರು 5 ವಾಟ್ ಬಿಸಿಯಾಗಿ ಹೋಗುತ್ತದೆ, ಆದ್ದರಿಂದ ಹೀಟ್ ಸಿಂಕ್ ಇಲ್ಲದೆ ಆಗದು. 7812ರ ಲೋಹದ ಬೆನ್ನು ಗ್ರೌಂಡಿಗೆ ಸೇರಿದೆ. ಮೈನಸ್ 12 ಕೊಡುವ 7912ರ ಬೆನ್ನು ಒಳಬರುವ ನೆಗೆಟಿವ್ ವೋಲ್ಟೇಜಿಗೆ ಸೇರಿದೆ. ಎರಡನ್ನೂ ಒಂದೇ ಅಲ್ಯುಮಿನಿಯಂ ಪಟ್ಟಿಗೆ ನೇರವಾಗಿ ಬಿಗಿದರೆ ಶಾರ್ಟ್ ಆಗುತ್ತದೆ. ಇದನ್ನು ಹೇಳಿದಾಗ ಅವರು ಇಸ್ತ್ರಿ ಪೆಟ್ಟಿಗೆಗೆಂದು ಇಟ್ಟಿದ್ದ, ಕರೆಂಟ್ ಹಾಯಿಸದ ಮೈಕಾ ಹಾಳೆಯಿಂದ ಎರಡು ತುಂಡು ಕತ್ತರಿಸಿ, ಹಣ ಕೇಳದೆ ಕೊಟ್ಟರು.

ಕೊರತೆಗಳೂ ಇವೆ. ನಾಳೆ ಎಂದದ್ದು ಒಂಬತ್ತನೆಯ ದಿನಕ್ಕೆ ಕೈಸೇರಿತು. ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳು ಬಾಗಿಲವರೆಗೂ ಸಾಲುಗಟ್ಟಿರುತ್ತವೆ, ನೀರಿಲ್ಲದ ತೋಟದ ಕೆಲಸ ಮೊದಲಾಗುವುದು ನ್ಯಾಯವೇ, ಆದರೂ ದಿನವನ್ನು ಸರಿಯಾಗಿ ಹೇಳಬಹುದಿತ್ತು. ಅವರು ತೆಗೆದುಕೊಂಡ 650 ರೂಪಾಯಿ ರೆಡಿಮೇಡಿನ ಬೆಲೆಗಿಂತ ಹೆಚ್ಚು, ಆದರೆ ಕೆಲಸಕ್ಕೆ ತಕ್ಕದ್ದು. ನನಗೆ ನಿಜವಾಗಿ ಒಪ್ಪಿಗೆಯಾಗದ ಸಂಗತಿ ಬೇರೆ: ಯಾವ ತಂತಿ ಪ್ರೈಮರಿ (ಮನೆಯ ಕರೆಂಟ್ ಒಳಬರುವ ಸುತ್ತು), ಯಾವುದು ಸೆಂಟರ್ ಟ್ಯಾಪ್ ಎಂಬ ಚೀಟಿ ಅಂಟಿಸುವುದಿಲ್ಲ, ಬಾಯಲ್ಲಷ್ಟೇ ಹೇಳುತ್ತಾರೆ. 230 ವೋಲ್ಟಿಗೆ ಜೋಡಿಸುವ ವಸ್ತುವಿನಲ್ಲಿ ಇದು ಅಪಾಯ. ಅಲ್ಲಿಗೆ ಹೋಗುವವರು ತಮ್ಮ ಮನೆಯ ಅತಿ ಕಡಿಮೆ ಮತ್ತು ಅತಿ ಹೆಚ್ಚು ವೋಲ್ಟೇಜನ್ನು ಅಳೆದು ಬರೆದುಕೊಂಡು ಹೋಗಿ, ಅದೇ ಕಾಗದದ ಹಿಂಬದಿಯಲ್ಲಿ ತಂತಿಗಳ ಬಣ್ಣವನ್ನು ಅವರ ಎದುರಿಗೇ ಗುರುತು ಹಾಕಿಕೊಳ್ಳಬೇಕು. ಪ್ರೈಮರಿಯ ಫ್ಯೂಸನ್ನು ನಾವೇ ಹಾಕಿಕೊಳ್ಳಬೇಕು.