ಶಿರಸಿ ಮಳೆಯಲ್ಲಿ ಫರ್ಮಿಟೂಲ್ಸ್ ಕಲಿತಿದ್ದು

ಜುಲೈ ತಿಂಗಳಲ್ಲಿ ಶಿರಸಿ ಕಡೆ ರಾತ್ರಿ ಆಕಾಶ ಕಾಣುವುದೇ ಇಲ್ಲ. ಮೂರು ವಾರ ನಾನು ಒಂದು ನಕ್ಷತ್ರವನ್ನೂ ನೋಡಲಿಲ್ಲ. ಆದರೆ ಅದೇ ಮೂರು ವಾರದಲ್ಲಿ, ಸುಮಾರು 500 ಕೋಟಿ ವರ್ಷದ ಹಿಂದೆ ಹೊರಟ ಗಾಮಾ ಕಿರಣಗಳನ್ನು ನಮ್ಮ ಮನೆ ಜಗಲಿಯಲ್ಲಿ ಕೂತು ಎಣಿಸಿದೆ. ಅದಕ್ಕೆ ಬಳಸಿದ ಸಾಫ್ಟ್‌ವೇರ್ ಫರ್ಮಿಟೂಲ್ಸ್. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತೇನೆ, ಖಗೋಳ ಸಂಶೋಧಕಿ ಅಲ್ಲ. ನನ್ನ ಹಾಗೆ ಊರಲ್ಲೇ ಇದ್ದು ಕಲಿಯಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಫರ್ಮಿ ಅಂದರೆ ಗಾಮಾ ಕಿರಣ ನೋಡುವ ನಾಸಾದ ಬಾಹ್ಯಾಕಾಶ ದೂರದರ್ಶಕ, ಫರ್ಮಿಟೂಲ್ಸ್ ಅದರ ಡೇಟಾ ಬಿಡಿಸುವ ಸಾಫ್ಟ್‌ವೇರ್. 2008ರ ಜೂನ್ 11ರಂದು ಹಾರಿತು. ಅದರ ಮುಖ್ಯ ಉಪಕರಣ ಲ್ಯಾಟ್. ಆಕಾಶದ ಐದರಲ್ಲೊಂದು ಪಾಲನ್ನು ಒಟ್ಟಿಗೇ ನೋಡುತ್ತದೆ, ಸುಮಾರು ಮೂರು ಗಂಟೆಗೆ ಇಡೀ ಆಕಾಶ ಸುತ್ತಿ ಮುಗಿಸುತ್ತದೆ. ಹಾಗೆ ಸಿಕ್ಕ ಡೇಟಾ ಎಲ್ಲರಿಗೂ ಉಚಿತ. ಯಾವ ದಿಕ್ಕು, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಶಕ್ತಿಯ ಕಿರಣಗಳು ಅಂತ ತುಂಬಿ ಕೇಳಿದರೆ ಸಾಕು, ಡೌನ್‌ಲೋಡ್ ಲಿಂಕ್ ಸಿಗುತ್ತದೆ. ಹೆಸರು, ಡಿಗ್ರಿ, ಕಾಲೇಜು ಏನೂ ಕೇಳುವುದಿಲ್ಲ. ಈ ಒಂದು ವಿಷಯಕ್ಕೇ ನಾನು ಇದನ್ನು ಪ್ರೀತಿಸುತ್ತೇನೆ.

ಸಾಫ್ಟ್‌ವೇರ್ ಕೂಡ ಉಚಿತ. ಲಿನಕ್ಸ್ ಅಥವಾ ಮ್ಯಾಕ್ ಬೇಕು. ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ಹಾಕಿಕೊಳ್ಳಬೇಕು. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಕೊಡುವ ಕೊಂಡಾ ಇದ್ದರೆ ಒಂದೇ ಸಾಲಿನ ಆದೇಶ. ಆದರೆ ಆ ಒಂದು ಸಾಲು ಎಳೆದು ತರುವ ಸಾಮಾನು ಜಾಸ್ತಿ. ನಮ್ಮಲ್ಲಿ ಗಾಳಿ ಬೀಸಿದರೆ ನೆಟ್ ಹೋಗುತ್ತದೆ. ನನಗೆ ಎರಡು ರಾತ್ರಿ ಹಿಡಿಯಿತು. ನಿಮಗೆ ಪೇಟೆಗೆ ಹೋಗುವ ಕೆಲಸ ಇದ್ದರೆ ಲ್ಯಾಪ್‌ಟಾಪ್ ತಗೊಂಡು ಹೋಗಿ, ಅಲ್ಲೇ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ.

ಕಲಿಯುವವರಿಗೆ ಅವರೇ ಕೊಟ್ಟಿರುವ ಮೊದಲ ಪಾಠ 3ಸಿ 279 ಎಂಬ ಬ್ಲೇಜರ್‌ನದು. ಕನ್ಯಾರಾಶಿಯ ದಿಕ್ಕಿನಲ್ಲಿರುವ ದೂರದ ಗ್ಯಾಲಕ್ಸಿ ಅದು. ನಡುವೆ ದೊಡ್ಡ ಕಪ್ಪು ಕುಳಿ, ಅಲ್ಲಿಂದ ಚಿಮ್ಮುವ ಧಾರೆ ನೇರ ನಮ್ಮ ಕಡೆಗೇ ಮುಖ ಮಾಡಿದೆ. 2008ರ ಆಗಸ್ಟ್‌ನಿಂದ ಸುಮಾರು ಆರು ತಿಂಗಳ ಡೇಟಾ, ಸುತ್ತ 20 ಡಿಗ್ರಿ. ಫೈಲು ತೆರೆದರೆ ಒಂದು ಉದ್ದನೆಯ ಪಟ್ಟಿ. ಒಂದೊಂದು ಸಾಲೂ ಒಂದೊಂದು ಕಿರಣ. ಅದರ ಶಕ್ತಿ, ಬಂದ ದಿಕ್ಕು, ಬಂದ ಹೊತ್ತು. ಹೊತ್ತನ್ನು 2001ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿ ಬರೆದಿರುತ್ತಾರೆ. ನಾನು ಮೊದಲ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಇಷ್ಟು ದೂರ ಬಂದ ಒಂದೇ ಒಂದು ಕಿರಣಕ್ಕೆ ಒಂದು ಸಾಲು ಬರೆದಿಟ್ಟಿದ್ದಾರಲ್ಲ ಅನ್ನಿಸಿತು.

ಮೊದಲ ಉಪಕರಣ ಜಿಟಿಸೆಲೆಕ್ಟ್. ಹೆಸರೇ ಹೇಳುವಂತೆ ಆರಿಸುವ ಕೆಲಸ. ಪ್ರಶ್ನೆ ಒಂದೊಂದಾಗಿ ಬರುತ್ತದೆ, ನಾವು ಉತ್ತರ ಟೈಪ್ ಮಾಡುತ್ತಾ ಹೋಗಬೇಕು. ಯಾವ ಫೈಲು? ನಡುಬಿಂದು ಎಲ್ಲಿ? ಎಷ್ಟು ಅಗಲ? ಎಷ್ಟರಿಂದ ಎಷ್ಟು ಶಕ್ತಿ? ಆಗ ಜಗಲಿಯ ಇನ್ನೊಂದು ತುದಿಯಲ್ಲಿ ಅಪ್ಪ ಸುಲಿದ ಅಡಿಕೆ ಆರಿಸುತ್ತಿದ್ದರು. ಚಾಲಿ ಒಂದು ಕಡೆ, ಬಿಳಿಗೋಟು ಒಂದು ಕಡೆ, ಕೋಕಾ ಇನ್ನೊಂದು ಕಡೆ. ಕೈ ತಾನಾಗಿ ಓಡುತ್ತಿತ್ತು. ಇಲ್ಲೂ ಹಾಗೇ. ಲ್ಯಾಟ್‌ಗೆ ಬಡಿದದ್ದೆಲ್ಲ ಗಾಮಾ ಕಿರಣ ಅಲ್ಲ, ವಿಶ್ವಕಿರಣಗಳೇ, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳೇ ಜಾಸ್ತಿ. ಗಾಮಾ ಕಿರಣ ಹೌದು ಅಂತ ಎಷ್ಟು ನಂಬಬಹುದು ಅನ್ನುವುದರ ಮೇಲೆ ದರ್ಜೆ ಮಾಡಿರುತ್ತಾರೆ. ನಮ್ಮ ಕೆಲಸಕ್ಕೆ ಬೇಕಾದ ದರ್ಜೆಯ ಅಂಕಿ 128.

ಇನ್ನೊಂದು ಪ್ರಶ್ನೆ ಜೆನಿತ್ ಕೋನದ್ದು, ಅಂದರೆ ನೆತ್ತಿಯಿಂದ ಅಳೆದ ಕೋನ. 90 ಡಿಗ್ರಿಗಿಂತ ಆಚೆ ಬಂದದ್ದನ್ನು ಬಿಡಿ ಅನ್ನುತ್ತಾರೆ. ಯಾಕೆ ಅಂತ ಮೊದಲು ತಿಳಿಯಲಿಲ್ಲ. ವಿಶ್ವಕಿರಣಗಳು ಭೂಮಿಯ ಗಾಳಿಗೆ ಬಡಿದಾಗ ಅಲ್ಲೂ ಗಾಮಾ ಕಿರಣ ಹುಟ್ಟುತ್ತದೆ. ಮೇಲಿಂದ ನೋಡುವ ಫರ್ಮಿಗೆ ಭೂಮಿಯ ಅಂಚು ಧಗಧಗ ಹೊಳೆಯುತ್ತದೆ. ಅದನ್ನು ಬಿಡದಿದ್ದರೆ ನಮ್ಮ ಅಂಗಳದ ಬೆಳಕನ್ನೇ ಗ್ಯಾಲಕ್ಸಿಯ ಲೆಕ್ಕಕ್ಕೆ ಸೇರಿಸಿದ ಹಾಗೆ.

ಇಲ್ಲೇ ನಾನು ಎಡವಿದ್ದು. ಶಕ್ತಿ ಕೇಳಿದಾಗ 0.1 ಮತ್ತು 500 ಅಂತ ಕೊಟ್ಟೆ. ನನ್ನ ತಲೆಯಲ್ಲಿ ಗಿಗಾ ಎಲೆಕ್ಟ್ರಾನ್ ವೋಲ್ಟ್ ಇತ್ತು. ಸಾಫ್ಟ್‌ವೇರ್ ಲೆಕ್ಕ ಹಾಕುವುದು ಮೆಗಾದಲ್ಲಿ. ಒಂದು ಗಿಗಾ ಅಂದರೆ 1000 ಮೆಗಾ. ಅದು ಏನೂ ಹೇಳದೆ ತಗೊಂಡಿತು. ಜಿಟಿಬಿನ್‌ನಿಂದ ಚಿತ್ರ ಮಾಡಿ ನೋಡಿದರೆ ಬರೀ ಮಂಜು. ಅಲ್ಲೊಂದು ಇಲ್ಲೊಂದು ಗುಡ್ಡೆ, ಚುಕ್ಕೆ ಅನ್ನುವಂಥದ್ದು ಯಾವುದೂ ಇಲ್ಲ. ಎರಡು ದಿನ ಡೇಟಾವನ್ನೇ ಅನುಮಾನಿಸಿದೆ. ಮೂರನೇ ದಿನ ಬೆಳಿಗ್ಗೆ ಪ್ರಶ್ನೆಯ ಕೊನೆಯಲ್ಲಿದ್ದ ಮೂರಕ್ಷರ ಕಣ್ಣಿಗೆ ಬಿತ್ತು. 100 ಮತ್ತು 500000 ಅಂತ ತಿದ್ದಿದೆ. ಚಿತ್ರದ ನಡುವೆ 3ಸಿ 279 ಚುಕ್ಕೆಯಾಗಿ ಎದ್ದು ನಿಂತಿತು.

ಆ ತಪ್ಪಿನಿಂದಲೇ ನನಗೆ ಲ್ಯಾಟ್ ಅರ್ಥವಾಯಿತು. 100 ಮೆಗಾದ ಕಿರಣ ಎಲ್ಲಿಂದ ಬಂತು ಅಂತ ಹೇಳುವಾಗ ಅದು ಸುಮಾರು 5 ಡಿಗ್ರಿ ಅತ್ತಿತ್ತ ಆಗಬಹುದು. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ ಅಷ್ಟೇ. 1000 ಮೆಗಾಕ್ಕೆ ಏರಿದರೆ ಆ ಅಂದಾಜು ಒಂದು ಡಿಗ್ರಿಯೊಳಗೆ ಬರುತ್ತದೆ. ನಾನು ಮೊದಲು ಉಳಿಸಿಕೊಂಡಿದ್ದು ಬರೀ ಮಸುಕಾದ ಕಿರಣಗಳನ್ನು.

ಜಾಸ್ತಿ ತಾಳ್ಮೆ ಬೇಡುವುದು ಜಿಟಿಎಲ್‌ಟಿಕ್ಯೂಬ್. ಆಕಾಶದ ಯಾವ ತುಂಡು, ಯಾವ ಕೋನದಲ್ಲಿ, ಎಷ್ಟು ಹೊತ್ತು ಲ್ಯಾಟ್‌ನ ಕಣ್ಣಿಗೆ ಬಿದ್ದಿತ್ತು ಅಂತ ಕೂಡಿಸುವ ಕೆಲಸ ಇದು. ಅಂಗಳದಲ್ಲಿ ಅಡಿಕೆ ಹರವಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನ ಮರದ ನೆರಳು ಬೀಳುವ ಮೂಲೆಗೂ ನಡುಅಂಗಳಕ್ಕೂ ಬಿಸಿಲು ಒಂದೇ ಅಲ್ಲ. ಎಷ್ಟು ಕಿರಣ ಬಂತು ಅನ್ನುವುದಕ್ಕೆ ಅರ್ಥ ಬರುವುದು ಎಷ್ಟು ಹೊತ್ತು ನೋಡಿದ್ದೇವೆ ಅಂತ ಗೊತ್ತಿದ್ದರೆ ಮಾತ್ರ. ನನ್ನ ಲ್ಯಾಪ್‌ಟಾಪಿನಲ್ಲಿ ಇದು ಗಂಟೆಗಟ್ಟಲೆ ಓಡಿತು. ಸಂಜೆ ಕರೆಂಟು ಹೋಯಿತು, ಬ್ಯಾಟರಿ ಹಳೇದು, ಎಲ್ಲ ಮೊದಲಿನಿಂದ. ರಾತ್ರಿ ಆಯಿ ಊಟಕ್ಕೆ ಕರೆಯಲು ಬಂದವಳು ಪರದೆ ನೋಡಿ "ಇನ್ನೂ ಮುಗದ್ದಿಲ್ಯನೇ?" ಅಂದಳು. ಇದಕ್ಕೆ ಒಳ್ಳೆ ದಾರಿ ಇದೆ. ಒಂದೊಂದು ತಿಂಗಳಿನ ಲೆಕ್ಕ ಬೇರೆ ಬೇರೆ ಮಾಡಿ, ಕೊನೆಗೆ ಜಿಟಿಎಲ್‌ಟಿಸಮ್‌ನಿಂದ ಕೂಡಿಸಬಹುದು. ಕರೆಂಟು ಹೋದರೂ ಒಂದು ತಿಂಗಳಿನ ಲೆಕ್ಕ ಮಾತ್ರ ಹೋಗುತ್ತದೆ. ಮಳೆ ಸೀಮೆಯವರು ಮೊದಲಿಂದಲೇ ಹೀಗೆ ಮಾಡಿ.

ಕೊನೆಗೆ ಜಿಟಿಲೈಕ್. ನಮ್ಮ ಗ್ಯಾಲಕ್ಸಿ ತಾನೇ ಸೂಸುವ ಹೊಳಪು, ಎಲ್ಲ ಕಡೆಯಿಂದ ಸಮನಾಗಿ ಬರುವ ಹಿನ್ನೆಲೆ, ಸುತ್ತಲಿನ ಬೇರೆ ಮೂಲಗಳು, ಇವೆಲ್ಲದರ ಮಾದರಿ ಬರೆದು ಕೊಡಬೇಕು. ಹಂಚಿನ ಮೇಲೆ ಮಳೆ ಹೊಡೆಯುವಾಗ ಕೊಟ್ಟಿಗೆಯ ಕರು ಕೂಗಿದ್ದು ಕೇಳಬೇಕಾದರೆ ಮಳೆ ಸದ್ದಿನ ಪರಿಚಯ ಇರಬೇಕು, ಅಲ್ವಾ? ಜಿಟಿಲೈಕ್ ಆ ಮಾದರಿಯನ್ನು ಡೇಟಾಕ್ಕೆ ಹೋಲಿಸಿ ನೋಡುತ್ತದೆ. ಅದು ಕೊಡುವ ಟಿಎಸ್ ಎಂಬ ಅಂಕಿ 25 ದಾಟಿದರೆ ಮೂಲ ನಿಜ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ.

ಇದೆಲ್ಲ ಮುಗಿದ ಮೇಲೆ ಗಾಮಾಪೈ ಎಂಬ ಇನ್ನೊಂದು ಗಾಮಾ ಕಿರಣದ ಸಾಫ್ಟ್‌ವೇರ್ ಹಾಕಿದೆ. ಅದು ಪೂರ್ತಿ ಪೈಥಾನ್. 2022ರಲ್ಲಿ 1.0 ಆವೃತ್ತಿ ಬಂತು. ಗಾಮಾ ಕಿರಣ ಗಾಳಿಗೆ ಬಡಿದಾಗ ಏಳುವ ಬೆಳಕಿನ ಮಿಂಚನ್ನು ಹಿಡಿಯುವ, ನೆಲದ ಮೇಲಿನ ಚೆರೆಂಕೋವ್ ದೂರದರ್ಶಕಗಳ ಡೇಟಾಕ್ಕೆ ಇದೇ ಸರಿ. ನಮೀಬಿಯಾದ ಹೆಸ್ ದೂರದರ್ಶಕದವರು ಬಿಟ್ಟುಕೊಟ್ಟ ಕ್ರ್ಯಾಬ್ ನೆಬ್ಯುಲಾದ (ಸಿಡಿದ ನಕ್ಷತ್ರದ ಅವಶೇಷ) ಡೇಟಾ ಪಾಠದ ಜೊತೆಗೇ ಸಿಗುತ್ತದೆ. ಒಂದು ಮಧ್ಯಾಹ್ನದಲ್ಲಿ ಅದರ ರೋಹಿತ, ಅಂದರೆ ಯಾವ ಶಕ್ತಿಯ ಕಿರಣ ಎಷ್ಟು ಅನ್ನುವ ಚಿತ್ರ, ಬಿಡಿಸಿದೆ. ಇಲ್ಲಿ ಪ್ರತಿ ಅಂಕಿಯ ಜೊತೆ ಏಕಮಾನ ಬರೆಯಬೇಕು. ಬರೀ 0.1 ಅಂದರೆ ಒಪ್ಪುವುದಿಲ್ಲ. ನನ್ನ ಎರಡು ದಿನದ ತಪ್ಪು ಇಲ್ಲಿ ಎರಡು ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತಿತ್ತು. ನೋಟ್‌ಬುಕ್‌ಗಳು ಚೊಕ್ಕವಾಗಿವೆ, ಚಿತ್ರಗಳು ಚಂದ.

ಆದರೂ ಮೊದಲು ಯಾವುದು ಅಂತ ಕೇಳಿದರೆ ನಾನು ಫರ್ಮಿಟೂಲ್ಸ್ ಅನ್ನುತ್ತೇನೆ. ಒಂದೇ ಒಂದು ಮೂಲ ಹಿಡಿದು, ಪ್ರತಿ ಹೆಜ್ಜೆಯನ್ನೂ ಕೈಯಿಂದ ಮಾಡಿ. ಪ್ರತಿ ಹೆಜ್ಜೆಯಲ್ಲೂ ಒಂದು ಫೈಲು ಉಳಿಯುತ್ತದೆ. ತೆರೆದು ನೋಡಬಹುದು, ಎಷ್ಟು ಕಿರಣ ಬಿಟ್ಟುಹೋಯಿತು, ಯಾಕೆ ಹೋಯಿತು ಅಂತ ಲೆಕ್ಕ ಸಿಗುತ್ತದೆ. ಗಾಮಾಪೈಯಲ್ಲಿ ಮೊದಲ ದಿನವೇ ಚಿತ್ರ ಬರುತ್ತದೆ, ಆದರೆ ಆ ಚಿತ್ರಕ್ಕೆ ಏನೇನು ಕಳೆದರು ಅಂತ ನನಗೆ ಕೇಳಲು ಬಂದದ್ದು ಫರ್ಮಿಟೂಲ್ಸ್ ಮಾಡಿದ್ದರಿಂದಲೇ. ಲಡಾಖ್‌ನ ಹಾನ್ಲೆಯಲ್ಲಿ ಗಾಮಾ ಕಿರಣ ಹುಡುಕುವ ನಮ್ಮದೇ 21 ಮೀಟರ್ ಅಗಲದ ಮೇಸ್ ದೂರದರ್ಶಕ ನಿಂತಿದೆ. ನಮ್ಮ ಕಡೆಯ ಮಕ್ಕಳು ಅಂಥಲ್ಲಿಗೆ ಹೋಗಬೇಕಾದರೆ ಇದೆಲ್ಲ ಊರಲ್ಲೇ ಶುರುವಾಗಬೇಕು ಅಂತ ನನ್ನ ಆಸೆ.

ಐದನೇ ಸೆಮಿಸ್ಟರಿನ ಇಬ್ಬರು ಹುಡುಗಿಯರು ಬರುವ ಶನಿವಾರ ಮನೆಗೆ ಬರುತ್ತಾರೆ. ಅವರಿಗಾಗಿ ಆರು ತಿಂಗಳ ಡೇಟಾವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟಿದ್ದೇನೆ. ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಮೆಗಾನೋ ಗಿಗಾನೋ ಅಂತ ಮಾತ್ರ ಹೇಳಿಕೊಡುವುದಿಲ್ಲ. ಮೊದಲ ಚಿತ್ರ ಮಂಜಾಗಿ ಬಂದರೆ ಯಾಕೆ ಅಂತ ಅವರೇ ಹುಡುಕಲಿ, ನಾನು ಪಕ್ಕದಲ್ಲೇ ಇರುತ್ತೇನೆ.