ಮಳೆಗಾಲದ ಹೆರಿಗೆಗೆ ಪಾಕೆಟ್ ಡೈಪರ್ ಕಾಂಬೊ ತರಿಸುವವರು ಇದನ್ನೊಮ್ಮೆ ಓದಿ

ಉಡುಪಿ ಕಡೆಯ ಒಂದು ಮನೆ. ಜುಲೈ ಕೊನೆಗೆ ಹೆರಿಗೆ, ಮಗು 2.7 ಕೆಜಿ. ಆಸ್ಪತ್ರೆಯಿಂದ ಬರುವ ಮುಂಚೆಯೇ ಆನ್‌ಲೈನ್ ಕಾಂಬೊ ಬಂದು ಕೂತಿತ್ತು: ಹತ್ತು ಪಾಕೆಟ್ ಡೈಪರ್ (ತೊಳೆದು ಮತ್ತೆ ಬಳಸುವ, ಚೀಲದಂಥ ಬಟ್ಟೆ ಡೈಪರ್), ಅದರೊಳಗೆ ತೂರಿಸುವ ಹೀರುಪಟ್ಟಿ, ಅಂದರೆ ಇನ್ಸರ್ಟ್, ಹತ್ತು, ‘ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ ಒಂದೇ ಸೈಜ್’. ಮೂರು ವಾರ ಆಗುವಷ್ಟರಲ್ಲಿ ಮಗುವಿನ ತೊಡೆಸಂದಿ ಕೆಂಪಾಗಿ ಸುಲಿದಿತ್ತು, ನಾಲ್ಕು ಡೈಪರ್ ಸೋರುತ್ತಿದ್ದವು, ಉಳಿದವು ಹಗ್ಗದ ಮೇಲೆ ಚಂಡಿಯಾಗಿಯೇ ನೇತಾಡುತ್ತಿದ್ದವು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೆರಿಗೆ ಇರುವ ಯಾರ ಮನೆಯಲ್ಲೂ ಇದು ಹೀಗೇ ಆಗಬಹುದು.

ಮೊದಲು ಸೈಜ್. ಈ ಡೈಪರ್‌ಗಳ ಮುಂಭಾಗದಲ್ಲಿ ಮೂರು ಸಾಲು ಟಿಚ್ ಬಟನ್ ಇರುತ್ತವೆ. ಎಲ್ಲವನ್ನೂ ಒತ್ತಿ ಅತಿ ಚಿಕ್ಕದು ಮಾಡಿದರೂ ಮೂರು ಕೆಜಿಯೊಳಗಿನ ಕೂಸಿನ ಸಣ್ಣ ತೊಡೆಗೆ ಇಲಾಸ್ಟಿಕ್ ಕೂರುವುದಿಲ್ಲ, ಸಂದು ಬಿಡುತ್ತದೆ. ಬರೀ ಎದೆಹಾಲು ಕುಡಿಯುವ ಮಗುವಿನ ಕಕ್ಕ ನೀರು ನೀರಾಗಿಯೇ ಇರುವುದರಿಂದ ಅದೇ ಸಂದಿನಿಂದ ಹೊರಗೆ. ಲೇಬಲ್ ಏನೇ ಹೇಳಲಿ, ಇವು ಸರಿಯಾಗಿ ಕೂರಲು ಮಗು ನಾಲ್ಕೂವರೆ, ಐದು ಕೆಜಿ ಆಗಬೇಕು. ಜೊತೆಗೆ ಸೊಂಟದ ಪಟ್ಟಿ ಹೊಕ್ಕುಳ ದಾಟಿ ಮೇಲೆ ಬರುತ್ತದೆ. ಹೊಕ್ಕುಳಬಳ್ಳಿಯ ತುಂಡು ಒಣಗಿ ಬೀಳಲು ಒಂದರಿಂದ ಮೂರು ವಾರ ಬೇಕು, ಅಲ್ಲಿಯವರೆಗೆ ಅದಕ್ಕೆ ಗಾಳಿ ಆಡಬೇಕು, ಉಚ್ಚೆ ತಾಗಬಾರದು.

ಆದರೆ ಆ ಮನೆಯಲ್ಲಿ ನಿಜವಾಗಿ ಎಡವಿದ್ದು ಒಣಗಿಸುವಲ್ಲಿ. ಲೆಕ್ಕ ನೋಡಿ: ಹಸುಗೂಸಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬದಲಿಸಬೇಕು. ಅಂದರೆ ಹತ್ತು ಡೈಪರ್ ಒಂದೇ ದಿನಕ್ಕೆ ಮುಗಿಯಿತು. ನಾಲ್ಕು ಪದರ ಸೇರಿಸಿ ಹೊಲಿದ ಇನ್ಸರ್ಟ್ ನಮ್ಮ ಮಳೆಯಲ್ಲಿ ಒಣಗಲು ಒಂದೂವರೆ, ಎರಡು ದಿನ. ‘ಬ್ಯಾಂಬೂ’ ಎಂದು ಬರೆದದ್ದಾದರೆ ಇನ್ನೂ ನಿಧಾನ, ಏಕೆಂದರೆ ಹೆಚ್ಚು ಹೀರುವ ಬಟ್ಟೆ ನೀರನ್ನು ಹೆಚ್ಚು ಹಿಡಿದೂ ಇಟ್ಟುಕೊಳ್ಳುತ್ತದೆ. ಹೊರಗೆ ಕೈಗೆ ಒಣಗಿದ ಹಾಗೆ ಕಂಡರೂ ಒಳಪದರದಲ್ಲಿ ತೇವ ಉಳಿದು ಮುಗ್ಗಲು ವಾಸನೆ ಶುರುವಾಗುತ್ತದೆ.

ಅಲ್ಲಿಂದ ಒಂದು ತಪ್ಪು ಇನ್ನೊಂದನ್ನು ಎಳೆದು ತಂದಿತು. ವಾಸನೆ ಹೋಗಲೆಂದು ಡೈಪರನ್ನೇ ಕುದಿಸಿದರು, ಬೇಗ ಒಣಗಲೆಂದು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರು, ಕೊನೆಗೆ ಇಸ್ತ್ರಿಯನ್ನೂ ಇಟ್ಟರು. ಪಾಕೆಟ್ ಡೈಪರಿನ ಹೊರಪದರ ಬರೀ ಬಟ್ಟೆಯಲ್ಲ. ಪಾಲಿಯೆಸ್ಟರ್ ಬಟ್ಟೆಗೆ ಪಾಲಿಯುರೆಥೇನ್‌ನ ತೆಳು ಪೊರೆ ಅಂಟಿಸಿರುತ್ತಾರೆ, ಲೇಬಲ್‌ನಲ್ಲಿ ಪಿಯುಎಲ್ ಎಂದಿರುವುದು ಅದೇ. ಕುದಿನೀರು, ಬೆಂಕಿಯ ಕಾವು, ಇಸ್ತ್ರಿ ಯಾವುದು ತಾಗಿದರೂ ಪೊರೆ ಬಟ್ಟೆಯಿಂದ ಬಿಟ್ಟು ಬಿರಿಯುತ್ತದೆ, ಇಲಾಸ್ಟಿಕ್ ಸಡಿಲ ಬೀಳುತ್ತದೆ. ಸೋರುವ ಡೈಪರನ್ನು ಒಳಹೊರಗು ಮಾಡಿ ಬಲ್ಬಿನ ಎದುರು ಹಿಡಿಯಿರಿ. ಪೊರೆ ಗುಳ್ಳೆ ಎದ್ದಿದ್ದರೆ, ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬಂದರೆ ಅದರ ಕತೆ ಮುಗಿಯಿತು. ರಿಪೇರಿ ಇಲ್ಲ.

ಇನ್ನೊಂದು ಕಡೆ ಘಮ ಬರಲೆಂದು ಕೊನೆಯ ನೀರಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಿದರು. ಅದು ಎಳೆಗಳ ಮೇಲೆ ಜಿಡ್ಡಿನಂಥ ಪದರ ಬಿಡುತ್ತದೆ, ಇನ್ಸರ್ಟ್ ಹೀರುವುದನ್ನೇ ನಿಲ್ಲಿಸುತ್ತದೆ. ಒಣ ಇನ್ಸರ್ಟಿನ ಮೇಲೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿದರೆ ಇದೇ ಕಾರಣ. ಬಿಸಿನೀರು, ಸಾದಾ ಡಿಟರ್ಜೆಂಟಿನಲ್ಲಿ ಎರಡು ಮೂರು ಸಲ ತೊಳೆದು ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿದರೆ ಸರಿಹೋಗುತ್ತದೆ. ಮುರಕಲ್ಲು ಬಾವಿಯ ನೀರು ಸಾಮಾನ್ಯವಾಗಿ ಮೆದು ನೀರು. ಸೋಪು ಸ್ವಲ್ಪ ಸಾಕು, ಜಾಲಿಸುವುದು ಜಾಸ್ತಿ ಬೇಕು. ಪೊಟ್ಟಣದ ಮೇಲೆ ಬರೆದಷ್ಟು ಪುಡಿ ಹಾಕಿದರೆ ಉಳಿದ ಸೋಪೇ ಮಗುವಿನ ಚರ್ಮವನ್ನು ಉರಿಸುತ್ತದೆ. ಆಂಟಿಸೆಪ್ಟಿಕ್ ದ್ರಾವಣದಲ್ಲಿ ಅದ್ದುವ ಅಭ್ಯಾಸವೂ ಅಷ್ಟೇ.

ಇನ್ನು ಸುಲಿದ ಚರ್ಮ. ಪಾಕೆಟ್ ಒಣಗಿರಲಿಲ್ಲ, ಇನ್ಸರ್ಟ್ ಒಂದೆರಡು ಒಣಗಿದ್ದವು ಎಂದು ಬಾಣಂತನಕ್ಕೆ ಬಂದ ಹೆಂಗಸು ಅದನ್ನೇ ನೇರ ಮೈಗೆ ಇಟ್ಟರು. ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಆ ಇನ್ಸರ್ಟ್ ಮೈಕ್ರೋಫೈಬರಿನದು, ಅಂದರೆ ಕಾರು ಒರೆಸುವ ಬಟ್ಟೆಯ ಜಾತಿಯದು. ಒಣ ಅಂಗೈ ಮೇಲೆ ಎಳೆದು ನೋಡಿ, ಚರ್ಮಕ್ಕೆ ಕಚ್ಚಿಕೊಂಡು ಬರುತ್ತದೆ. ಚರ್ಮದ ಪಸೆಯನ್ನೂ ಹೀರಿ ಒಣಗಿಸಿಬಿಡುತ್ತದೆ. ಅದು ಪಾಕೆಟಿನ ಒಳಗೇ ಇರಬೇಕು.

ಮೊದಲ ತಿಂಗಳಿಗೆ ಬೇಕಾದ್ದು ಒಂದೇ ಪದರದ, ಬಿಡಿಸಿ ಒಣಗಿಸಬಹುದಾದ ಹತ್ತಿ ಬಟ್ಟೆ. ಎಂಟು ಮೊಳದ ಹಳೆ ಪಂಚೆ ಎಂದರೆ 3.6 ಮೀಟರ್ ಉದ್ದ, ಸುಮಾರು 1.25 ಮೀಟರ್ ಅಗಲ. ಅದರಿಂದ 60 ಸೆಂಟಿಮೀಟರ್‌ನ ಹನ್ನೆರಡು ಚೌಕ ಸಿಗುತ್ತವೆ. ಮಳೆಗಾಲಕ್ಕೆ ಮೂರು ಪಂಚೆ, ಅಂದರೆ 36 ಚೌಕ ಇರಲಿ. ಜರಿ ಅಂಚನ್ನು ಕತ್ತರಿಸಿ ತೆಗೆಯಿರಿ, ಅದು ಗೀರುತ್ತದೆ. ಕತ್ತರಿಸಿದ ಅಂಚನ್ನು ಮಡಚಿ ಹೊಲಿಸಲೇಬೇಕು. ಬಿಚ್ಚಿ ಬಂದ ನೂಲು ಕೂಸಿನ ಕಾಲ್ಬೆರಳಿಗೋ ಗಂಡುಮಗುವಿನ ಶಿಶ್ನಕ್ಕೋ ಸುತ್ತಿಕೊಂಡು ರಕ್ತ ಓಡಾಟವನ್ನೇ ನಿಲ್ಲಿಸಬಹುದು. ಮಗು ಕಾರಣವಿಲ್ಲದೆ ಅಳುತ್ತಿದ್ದರೆ ಲಂಗೋಟಿ ಬಿಚ್ಚಿ ಬೆರಳುಗಳನ್ನು ಒಂದೊಂದಾಗಿ ನೋಡುವುದು ಇದಕ್ಕೇ. ಚೌಕವನ್ನು ತ್ರಿಕೋನ ಮಾಡಿ ಹೊಕ್ಕುಳದ ಕೆಳಗೆ ಬರುವ ಹಾಗೆ ಕಟ್ಟಿ. ಹಳೆ ಹತ್ತಿ ಸೀರೆಯೂ ಆದೀತು, ಆದರೆ ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಇಲ್ಲೊಂದು ಮಾತು, ಮೇಲಿನ ಎಲ್ಲಕ್ಕಿಂತ ಗಂಭೀರವಾದದ್ದು. ಹಳೆ ಪಂಚೆ, ಸೀರೆ ಇರುವುದು ಕಪಾಟಿನಲ್ಲಿ, ಬಟ್ಟೆಯ ನಡುವೆ ನುಸಿಗುಳಿಗೆ. ಆ ಬಿಳಿ ನ್ಯಾಫ್ತಲಿನ್ ಉಂಡೆಯ ಆವಿ ಬಟ್ಟೆಯಲ್ಲಿ ಕೂತಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಹುದು. ಎಣ್ಣೆ ತಿಕ್ಕಿದ ಮೈ ಅದನ್ನು ಇನ್ನೂ ಬೇಗ ಹೀರುತ್ತದೆ, ನಮ್ಮಲ್ಲಂತೂ ದಿನಾ ಎಣ್ಣೆ ಸ್ನಾನ. ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ಗೊತ್ತಾಗುವುದಿಲ್ಲ. ಹಾಗಾಗಿ ಗುಳಿಗೆ ವಾಸನೆಯ ಬಟ್ಟೆ, ಕಂಬಳಿ, ಬೈರಾಸು ಯಾವುದೂ ಕೂಸಿನ ಹತ್ತಿರ ಬೇಡ. ಹೊಸ ಮಲ್ ಬಟ್ಟೆ ತಂದು ಎರಡು ಸಲ ತೊಳೆದು ಬಳಸಿ.

ಸಾದಾ ಹತ್ತಿ ಚೌಕಗಳನ್ನು ಕುದಿಸಬಹುದು, ಮಷಿನ್ನಿನಲ್ಲಿ ಎರಡು ಸಲ ಸ್ಪಿನ್ ಮಾಡಿ ಫ್ಯಾನಿನ ಕೆಳಗೆ ಹಾಕಬಹುದು, ಉಳಿದ ತೇವವನ್ನು ಬಿಸಿ ಇಸ್ತ್ರಿಯಿಂದ ತೆಗೆಯಬಹುದು. ಹೊರಗೆ ಹೋಗುವಾಗ ಚೌಕದ ಮೇಲೆ ಹಾಕಲು ನ್ಯೂಬಾರ್ನ್ ಸೈಜಿನ, ನೀರು ಸೋರದ ಕವರ್ ಮೂರು ನಾಲ್ಕು ಇದ್ದರೆ ಸಾಕು. ಹತ್ತಿಯ ಇನ್ನೊಂದು ಲಾಭವೆಂದರೆ ಒದ್ದೆಯಾದದ್ದು ತಕ್ಷಣ ತಿಳಿಯುತ್ತದೆ. ಐದನೇ ದಿನ ದಾಟಿದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಬೇಕು, ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಅದೊಂದು ಗುರುತು. ಒಳಪದರ ಒಣಗಿದ ಹಾಗೇ ಕಾಣುವ ಡೈಪರಿನಲ್ಲಿ ಈ ಲೆಕ್ಕ ಸಿಗುವುದಿಲ್ಲ.

ಕೆಂಪು ತೊಡೆಯ ಮಡಿಕೆಯೊಳಗೂ ಹರಡಿ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಫಂಗಸ್ ಇರಬಹುದು, ಎಣ್ಣೆಗೆ, ಪೌಡರಿಗೆ ಬಗ್ಗುವುದಿಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ. ಕೀವು ಇದ್ದರೆ ಅದೇ ದಿನ, ಜ್ವರ ಇದ್ದರೆ ತಕ್ಷಣ.

ಪಾಕೆಟ್ ಡೈಪರ್ ಬೇಕೇ ಬೇಕು ಎನ್ನುವವರು ಕಾಂಬೊ ಬಿಟ್ಟು ಒಂದೇ ಒಂದು ತರಿಸಿ. ಇನ್ಸರ್ಟನ್ನು ತೊಳೆದು ಹಿಂಡಿ ಸಂಜೆ ಜಗಲಿಯಲ್ಲಿ ಹಾಕಿ. ಮರುದಿನ ಸಂಜೆ ಅದರ ನಡುಭಾಗವನ್ನು, ಪದರಗಳು ದಪ್ಪ ಇರುವಲ್ಲಿ, ಮಡಚಿ ಕೆನ್ನೆಗೆ ಒತ್ತಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ಒಣಗಿಲ್ಲ. ಅಂಥದ್ದನ್ನು ಅಕ್ಟೋಬರ್ ಬಿಸಿಲು ಬಂದ ಮೇಲೆ, ಮಗು ಐದು ಕೆಜಿ ದಾಟಿದ ಮೇಲೆ ಬಳಸಲು ತೆಗೆಯಿರಿ.