ಬೇಸಿಗೆ ರಜೆಯಲ್ಲಿ ಎಣಿಕೆಯ ಆಟ: ವರ್ಕ್‌ಬುಕ್ಕೋ, ಟ್ಯಾಬೋ, ಅಳಗುಳಿಮಣೆಯೋ?

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಪುಟ್ಟ ಮಕ್ಕಳಿರುವ ಮನೆಗಳಿಗೆಲ್ಲ ಒಂದೇ ಚಿಂತೆ: ಬಿಸಿಲು ಇಳಿಯುವವರೆಗೆ ಹೊರಗೆ ಬಿಡುವಂತಿಲ್ಲ, ಹಾಗಿದ್ದರೆ ಮನೆಯೊಳಗೆ ಮಗುವಿನ ಕೈಗೆ ಏನು ಕೊಡುವುದು? ನಾಲ್ಕು ವರ್ಷದ ನನ್ನ ಮಗಳಿಗೆ ಹತ್ತರೊಳಗಿನ ಎಣಿಕೆ ಬಾಯಿಪಾಠವಾಗಿ ಅಲ್ಲ, ಅರ್ಥವಾಗಿ ಬರಬೇಕೆಂಬ ಆಸೆಯಿಂದ ಈ ರಜೆಯಲ್ಲಿ ಅಂಗಡಿಯಿಂದ ತಂದ ವರ್ಕ್‌ಬುಕ್, ಟ್ಯಾಬಿನಲ್ಲಿ ಹಾಕಿಕೊಂಡ ಎಣಿಕೆಯ ಆ್ಯಪ್ ಮತ್ತು ಅವಳ ಅಜ್ಜಿ ಅಟ್ಟದಿಂದ ಇಳಿಸಿದ ಅಳಗುಳಿಮಣೆ, ಈ ಮೂರನ್ನೂ ಪ್ರಯೋಗಿಸಿ ನೋಡಿದೆವು.

ವರ್ಕ್‌ಬುಕ್ಕಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚುಕ್ಕಿಗೆರೆಗಳ ಮೇಲೆ ಅಂಕಿಗಳನ್ನು ತಿದ್ದುವುದು, ಐದು ಮಾವಿನಹಣ್ಣಿಗೆ ಬಣ್ಣ ತುಂಬುವುದು ಅವಳಿಗೆ ಇಷ್ಟವೇ ಆಯಿತು. ಪೆನ್ಸಿಲ್ ಹಿಡಿತವೂ ಸುಧಾರಿಸಿತು. ಆದರೆ ಐದನ್ನು ಅಂದವಾಗಿ ತಿದ್ದಿದ ಅದೇ ಮಧ್ಯಾಹ್ನ, ಊಟಕ್ಕೆ ಐದು ಚಮಚ ತಂದುಕೊಡು ಎಂದರೆ ಕೈಗೆ ಸಿಕ್ಕಷ್ಟನ್ನೂ ಹಿಡಿದುಕೊಂಡು ಬಂದಳು. ಅಂಕಿಯ ಆಕಾರ ಬಂದಿತ್ತು, ಅದರ ಬೆಲೆ ಬಂದಿರಲಿಲ್ಲ.

ಆ್ಯಪ್ ಮೊದಲಿಗೆ ಎಲ್ಲಕ್ಕಿಂತ ಸುಲಭವೆನಿಸಿತು, ಏಕೆಂದರೆ ಮಗು ತಾನಾಗಿ ಕುಳಿತುಕೊಳ್ಳುತ್ತಿತ್ತು ಮತ್ತು ದೊಡ್ಡವರಿಗೆ ಬಿಡುವು ಸಿಗುತ್ತಿತ್ತು. ಪಕ್ಕದಲ್ಲಿ ಕುಳಿತು ನೋಡಿದಾಗ ತಿಳಿದದ್ದು ಬೇರೆ: ಪರದೆಯ ಮೇಲಿನ ಮೂರು ಉತ್ತರಗಳನ್ನೂ ಅವಳು ಸಾಲಾಗಿ ಒತ್ತುತ್ತ ಹೋಗುತ್ತಿದ್ದಳು, ಸರಿಯಾದುದಕ್ಕೆ ಬೆರಳು ತಾಗಿದೊಡನೆ ಚಪ್ಪಾಳೆಯ ಸದ್ದು ಬರುತ್ತಿತ್ತು, ಎಣಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಆ ಒಂದು ಗಂಟೆಯನ್ನು ಎಣಿಕೆಗೆ ಖರ್ಚು ಮಾಡುವುದು ನನಗೆ ಸರಿಕಾಣಲಿಲ್ಲ. ದೂರದ ಊರಿನಲ್ಲಿರುವ ಚಿಕ್ಕಪ್ಪನೊಡನೆ ವಿಡಿಯೊ ಕರೆಯಲ್ಲಿ ಮಾತಾಡಲು ಅದು ಉಳಿಯಲಿ.

ಅಳಗುಳಿಮಣೆಯಲ್ಲಿ ಎದುರು ಬದುರು ಏಳೇಳರಂತೆ ಒಟ್ಟು 14 ಗುಳಿಗಳು. ದೊಡ್ಡವರು ಗುಳಿಗೆ ನಾಲ್ಕೋ ಐದೋ ಹುಣಸೆಬೀಜ ಹಾಕಿ ಆರಂಭಿಸುತ್ತಾರೆ. ನಾವು ಮೂರರಿಂದ ಆರಂಭಿಸಿದೆವು. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು, ಕೈ ಬರಿದಾದಾಗ ಮುಂದಿನ ಗುಳಿಯಿಂದ ಮತ್ತೆ ಎತ್ತಿಕೊಳ್ಳಬೇಕು, ಆ ಗುಳಿ ಖಾಲಿಯಿದ್ದರೆ ಅದನ್ನು ಸವರಿ ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಳ್ಳಬೇಕು. ಒಂದು ಗುಳಿಗೆ ಒಂದೇ ಬೀಜ ಎಂಬ ಈ ನಿಯಮವೇ ಎಣಿಕೆಯ ಬುನಾದಿ, ಏಕೆಂದರೆ ಒಂದು ವಸ್ತುವಿಗೆ ಒಂದೇ ಸಂಖ್ಯೆ ಎಂಬುದು ಬಾಯಿಗಿಂತ ಮೊದಲು ಬೆರಳಿಗೆ ಒಗ್ಗುತ್ತದೆ. ಆರಂಭದಲ್ಲಿ ಎರಡೆರಡು ಬೀಜ ಜಾರಿ ಬೀಳುತ್ತಿದ್ದವು, ಅಜ್ಜಿ ಗದರದೆ, “ಅದಕ್ಕೆ ಒಂದು ಸಾಕು ಪುಟ್ಟಿ” ಎಂದಷ್ಟೇ ಹೇಳುತ್ತಿದ್ದರು. ಕೆಲವು ವಾರಗಳಲ್ಲಿ ಮಗು ಗುಳಿಯೊಳಗೆ ಇಣುಕಿ ನೋಡಿ, ಎಣಿಸದೆಯೇ ಇಲ್ಲಿ ಮೂರು, ಅಲ್ಲಿ ನಾಲ್ಕು ಎನ್ನತೊಡಗಿತು. “ಅಜ್ಜಿ, ಅದ್ರಲ್ಲಿ ಜಾಸ್ತಿ ಇದೆ, ನಾನು ಅದನ್ನೇ ತೊಗೋತೀನಿ” ಎಂದ ದಿನ ನನಗಾದ ಸಂತೋಷ ಸಣ್ಣದಲ್ಲ, ಏಕೆಂದರೆ ಹೆಚ್ಚು ಕಡಿಮೆಯ ಲೆಕ್ಕವನ್ನು ಅವಳಿಗೆ ಯಾರೂ ಪಾಠವಾಗಿ ಹೇಳಿಕೊಟ್ಟಿರಲಿಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಸಬೇಕೆನ್ನುತ್ತದೆ. ನಮ್ಮ ಹಜಾರದಲ್ಲಿ ಅದನ್ನು ಕಣ್ಣಾರೆ ಕಂಡೆ.

ಈ ಆಟಕ್ಕೆ ಒಬ್ಬ ದೊಡ್ಡವರು ಜೊತೆಗೆ ಕೂರಲೇಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇದು ದೊಡ್ಡ ತೊಡಕು, ಅದನ್ನು ಹಗುರವಾಗಿ ಕಾಣಲಾರೆ. ಆದರೂ ರಾತ್ರಿ ಊಟಕ್ಕೆ ಮುಂಚೆ ಒಂದು ಸುತ್ತಿನ ಆಟ ಆ್ಯಪಿನ ಮುಂದೆ ಕಳೆದ ಮಧ್ಯಾಹ್ನಕ್ಕಿಂತ ಹೆಚ್ಚು ಕಲಿಸುತ್ತದೆಂಬುದು ನನ್ನ ಅನುಭವ. ಮಣೆ ಇಲ್ಲದವರು ಮೊಟ್ಟೆಯ ಟ್ರೇಯಿಂದ ಎರಡು ಸಾಲು ಗುಳಿಗಳನ್ನು ಕತ್ತರಿಸಿಕೊಳ್ಳಬಹುದು. ಬೀಜಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು: ಹಳೆಯ ಮನೆಗಳ ಡಬ್ಬಿಗಳಲ್ಲಿ ಹುಣಸೆಬೀಜದೊಡನೆ ಗುಲಗಂಜಿಯೂ ಇರುತ್ತದೆ, ಕೆಂಪು ಕಪ್ಪು ಬಣ್ಣದ ಆ ಬೀಜದಲ್ಲಿ ಕಡುವಿಷವಿದೆ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಮಗುವಿಗೆ ಕೊಡುವ ಮುನ್ನ ಅವನ್ನು ಆರಿಸಿ ತೆಗೆದುಬಿಡಿ.

ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವುದರಿಂದ ಅವರಿಗೆ ಯಾವ ಬೀಜವೂ ಬೇಡ. ಅವರಿಗೆ ಪಾವು ಮತ್ತು ಸೇರಿನ ಅಳತೆ ಪಾತ್ರೆಗಳೇ ಮೇಲು. ಅಕ್ಕಿ ತೊಳೆದ ನೀರನ್ನು ಬೋಗುಣಿಗೆ ಬಗ್ಗಿಸಿ, ಪಾವಿನಿಂದ ಸೇರಿಗೆ ತುಂಬಲು ಬಿಟ್ಟರೆ ನಾಲ್ಕನೆಯ ಪಾವಿಗೆ ಸೇರು ತುಂಬುವುದನ್ನು ಅವರು ತಾವೇ ಕಾಣುತ್ತಾರೆ. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದ ಊರಿನಲ್ಲಿ ಆಟಕ್ಕೆಂದು ನಲ್ಲಿ ತಿರುಗಿಸಲು ಮನಸ್ಸು ಬಾರದು, ಈ ನೀರಾದರೆ ಆಟ ಮುಗಿದ ಮೇಲೆ ಗಿಡಗಳಿಗೆ ಹೋಗುತ್ತದೆ. ಬೋಗುಣಿಯಲ್ಲಿ ನೀರಿರುವಷ್ಟು ಹೊತ್ತೂ ದೊಡ್ಡವರು ಮಗುವಿನ ಪಕ್ಕದಿಂದ ಏಳಬಾರದು.